ಹಸನು

ಜ್ವಾಳ ಹಸನು ಮಾಡೋದು ಅಂದ್ರೆ ನಮ್ಮ ಸಿಂಧನೂರು ಕಡೆ ಹೆಣ್ಣುಮಕ್ಕಳು ಮಧ್ಯಾಹ್ನ ಕಟ್ಟೆ ಮೇಲೆ ಕೂತು ಮಾಡುವ ಕೆಲಸ. ಬೆಂಗಳೂರಿಗೆ ಬಂದ ಮೇಲೆ ಗೊತ್ತಾಯ್ತು, ಅದೇ ಕೆಲಸಕ್ಕೆ ಇಲ್ಲಿ ಸಂಬಳ ಕೊಡ್ತಾರೆ. ಹೆಸರು ಮಾತ್ರ ‘ಡೇಟಾ ಕ್ಲೀನಿಂಗ್’. ನಾನು ಬಿಇ ಮುಗಿಸಿ ಇಷ್ಟು ವರ್ಷದಲ್ಲಿ ಮಾಡಿದ ಕೆಲಸದಲ್ಲಿ ಅರ್ಧ ಇದೇ.

ಕೆಲವು ವರ್ಷದ ಹಿಂದೆ ಒಂದು ಪ್ರಾಜೆಕ್ಟ್ ಬಂತು. ಲಾರಿಗಳಿಗೆ ಜಿಪಿಎಸ್ ಡಬ್ಬಿ ಕೂರಿಸಿದ್ದರು. ಪ್ರತಿ 30 ಸೆಕೆಂಡಿಗೆ ಒಂದು ಸಾಲು: ಗಾಡಿ ನಂಬರು, ಸಮಯ, ಅಕ್ಷಾಂಶ, ರೇಖಾಂಶ, ವೇಗ, ಎಷ್ಟು ಉಪಗ್ರಹ ಕಾಣ್ತಿವೆ ಅನ್ನೋದು. ಇದರಲ್ಲಿ ಬೇಡದ ಸಾಲು ತೆಗೆದು ಕೊಡಿ ಅಂದರು. ಪೈಥಾನಿನಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗೀತು.

ನಾಲ್ಕೇ ಷರತ್ತು. ಅಕ್ಷಾಂಶ, ರೇಖಾಂಶ ಎರಡೂ ಸೊನ್ನೆ ಇದ್ದರೆ ತೆಗಿ. ಜಾಗ ಸಿಗದಿದ್ದಾಗ ಕೆಲವು ಡಬ್ಬಿಗಳು ಸೊನ್ನೆ-ಸೊನ್ನೆ ಅಂತ ಬರೀತವೆ. ಮ್ಯಾಪಿನಲ್ಲಿ ಅದು ಆಫ್ರಿಕಾದ ಪಶ್ಚಿಮಕ್ಕಿರುವ ಸಮುದ್ರ. ಅಕ್ಕಿ ಲಾರಿಗೆ ಅಲ್ಲೇನು ಕೆಲಸ? ಉಪಗ್ರಹ ನಾಲ್ಕಕ್ಕಿಂತ ಕಡಿಮೆ ಇದ್ದರೆ ತೆಗಿ, ಜಾಗ ಸರಿಯಾಗಿ ಲೆಕ್ಕ ಹಾಕೋಕೆ ನಾಲ್ಕಾದರೂ ಬೇಕು. ವೇಗ 120 ದಾಟಿದ್ದರೆ ತೆಗಿ; ನಮ್ಮ ರಸ್ತೆ ಕಂಡವರಿಗೆ ಕಾರಣ ಹೇಳಬೇಕಿಲ್ಲ. ನಾಲ್ಕನೇದು: ಹಿಂದಿನ ಸಾಲಿಗಿಂತ 50 ಮೀಟರ್ ಕೂಡ ಸರಿದಿಲ್ಲದಿದ್ದರೆ ತೆಗಿ. ನಿಂತ ಗಾಡಿಯ ಜಿಪಿಎಸ್ ಸುಮ್ಮನೆ ಇರೋದಿಲ್ಲ, ನಾಲ್ಕಾರು ಮೀಟರ್ ಆಚೀಚೆ ಅಲುಗಾಡ್ತಾ ಇರ್ತದೆ. ಆ ಅಲುಗಾಟ ಬೇಡ ಅಂತಷ್ಟೇ ನನಗೆ ಹೇಳಿದ್ದು.

ಓಡಿಸಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಸಾಲು ಹೋಗಿದ್ದವು. ಫೈಲು ಹಗುರಾಯ್ತು, ಮ್ಯಾಪಿನಲ್ಲಿ ಗೆರೆ ನೀಟಾಗಿ ಬಂತು, ಮ್ಯಾನೇಜರ್ ಖುಷಿಯಾದರು.

ಮುಂದೆ ಒಂದಿನ ಯಾವುದೋ ದೋಷ ಹುಡುಕ್ತಾ ತೆಗೆದುಹಾಕಿದ ಸಾಲುಗಳನ್ನು ತೆರೆದೆ. 15.7, 76.7 ಅಂತ ಸಾಲು ಸಾಲು ಬಿದ್ದಿತ್ತು. ನಿಮಗೆ ಅದು ಬರೀ ಅಂಕಿ, ನನಗೆ ಅದು ನಮ್ಮೂರು. ರಾತ್ರಿ ಹನ್ನೊಂದರಿಂದ ಬೆಳಗಿನ ಆರರವರೆಗೆ ಒಂದೇ ಕಡೆ ಏಳೆಂಟು ಲಾರಿ. ಭತ್ತದ ಕೊಯ್ಲಿನ ಕಾಲ ಅದು. ನಮ್ಮ ಕಾಕಾ ಸಿಂಧನೂರಿನಲ್ಲಿ ಬೇರೊಬ್ಬರ ಲಾರಿ ಓಡಿಸ್ತಾರೆ. ಫೋನ್ ಮಾಡಿ ಕೇಳಿದೆ: ರಾತ್ರಿಯೆಲ್ಲ ಗಾಡಿ ಒಂದೇ ಕಡೆ ಯಾಕ ನಿಂತಿರ್ತಾವ ಕಾಕಾ?

“ನಿಂತಿರಂಗಿಲ್ಲಪ್ಪ, ಪಾಳ್ಯಾಗ ಇರ್ತಾವ. ಮಿಲ್ಲಿನ ಗೇಟಿಗೆ ಹಚ್ಚಿರ್ತೀವಿ. ಮುಂದಿನ ಗಾಡಿ ಸರಿದ್ರ ನಾವೂ ಸರೀಬೇಕು. ಕಣ್ಣು ಮುಚ್ಚಿದ್ರ ಹಿಂದಿನಾವ ಹೊಕ್ಕಂತಾನ. ಹಮಾಲ್ರು ಬರೋದು ಮುಂಜಾನಿ. ನಿದ್ದಿ ಎಲ್ಲಿಂದು?”

ಪಾಳಿಯಲ್ಲಿರುವ ಲಾರಿ ಅರ್ಧ ತಾಸಿಗೊಮ್ಮೆ ಒಂದು ಗಾಡಿಯಷ್ಟು ಉದ್ದ ಮುಂದೆ ಹೋಗ್ತದೆ. ಹತ್ತು ಹದಿನೈದು ಮೀಟರ್. ನನ್ನ ಸ್ಕ್ರಿಪ್ಟಿಗೆ ಅದೂ ಅಲುಗಾಟವೇ. ಡ್ರೈವರ್‌ಗಳ ಹೆಚ್ಚಿನ ತಾಸಿನ ದುಡ್ಡನ್ನು ಲೆಕ್ಕ ಹಾಕ್ತಿದ್ದದ್ದು ನಾನು ಹಸನು ಮಾಡಿ ಕೊಟ್ಟ ಫೈಲಿನಿಂದ ಅನ್ನೋದು ಆಮೇಲೆ ವಿಚಾರಿಸಿದಾಗ ಗೊತ್ತಾಯ್ತು. ರಾತ್ರಿಪೂರ್ತಿ ಎಚ್ಚರಿದ್ದ ಮನುಷ್ಯ ಆ ಫೈಲಿನಲ್ಲಿ ಇರಲೇ ಇಲ್ಲ.

ನಮ್ಮ ವೃತ್ತಿಯಲ್ಲಿ ಇಂಥದ್ದಕ್ಕೆ ಸಿದ್ಧ ಉತ್ತರ ಇದೆ: ಹೇಳಿದ್ದು ಮಾಡಿದೆ. ನಾನೂ ಎರಡು ದಿನ ಅದನ್ನೇ ಹೇಳಿಕೊಂಡೆ. ಆದರೆ ಒಂದು ಮಾತು ಒಳಗೆ ಇಳೀಲಿಲ್ಲ. ಅಲುಗಾಟ ತೆಗೀರಿ ಅಂದಿದ್ದರು, ಖರೆ. ಅದು 50 ಮೀಟರ್ ಅಂತ ಯಾರೂ ಹೇಳಿರಲಿಲ್ಲ. ಆ ಸಂಖ್ಯೆ ನನ್ನದು. 10 ಅಂತ ಬರೆದಿದ್ದರೂ ಮೀಟಿಂಗಿನಲ್ಲಿ ಯಾರೂ ಕೇಳ್ತಿರಲಿಲ್ಲ. ಊಟದ ಹೊತ್ತಾಗಿತ್ತು, ದುಂಡನೆಯ ಸಂಖ್ಯೆ, ಬರೆದೆ.

ನಮ್ಮವ್ವ ಮರದಾಗ ಕಾಳು ಕೇರುವಾಗ ಮೂರು ಗುಂಪು ಬೀಳ್ತಿದ್ದವು. ಕಲ್ಲು, ಮಣ್ಣಹೆಂಟೆ ಹೊರಗೆ. ನುಚ್ಚು ಕೋಳಿಗೆ. ಹೊಟ್ಟು ದನದ ಬಾನಿಗೆ. ನಾನು ಕಂಪ್ಯೂಟರಿನಲ್ಲಿ ಮಾಡಿದ್ದು ಎರಡೇ ಗುಂಪು: ಬೇಕಾದದ್ದು, ಬೇಡಾದದ್ದು. ಯಾರಿಗೆ ಬೇಡ ಅನ್ನೋ ಪ್ರಶ್ನೆ ಕೋಡಿನಲ್ಲಿ ಬರೆಯೋಕೆ ಜಾಗವೇ ಇರಲಿಲ್ಲ.

ಗುಂಪಿಗೆ ಸೇರದ ಸಾಲು ಅಂದಾಗ ನನಗೆ ಮಸ್ಕಿ ನೆನಪಾಗ್ತದೆ. ಸಿಂಧನೂರಿನಿಂದ ಲಿಂಗಸೂಗೂರಿಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಶಾಲೆಯಲ್ಲಿದ್ದಾಗ ಅಲ್ಲಿನ ಬಂಡೆ ತೋರಿಸಿ, ಇದೇ ಅಶೋಕನ ಶಾಸನ ಅಂದಿದ್ದರು. ನಮ್ಮ ಗಮನವೆಲ್ಲ ಬುತ್ತಿ ಮೇಲಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ ಮೇಲೂ ಆ ರಾಜನ ಶಾಸನಗಳಲ್ಲಿ ಸಿಗ್ತಿದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನುವ ಬಿರುದುಗಳೇ. ಅವನೇ ಅಶೋಕ ಅನ್ನೋದಕ್ಕೆ ಸಿಂಹಳದ ಗ್ರಂಥಗಳ ಆಧಾರ ಇತ್ತು, ಕಲ್ಲಿನ ಸಾಕ್ಷಿ ಇರಲಿಲ್ಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯ ಬಂಡೆ ಕಂಡ. ಅದರಲ್ಲಿ ಅಶೋಕ ಅಂತ ಹೆಸರೇ ಇತ್ತು. ಆಗ ಗೊತ್ತಿದ್ದ ಅವನ ಶಾಸನಗಳಲ್ಲೆಲ್ಲ ಹಾಗಿದ್ದದ್ದು ಅದೊಂದೇ. ಗುಜರ್ರಾ, ನಿಟ್ಟೂರು, ಉಡೇಗೊಳದವು ಸಿಕ್ಕಿದ್ದು ಆಮೇಲೆ. ಬಹುಪಾಲು ಸಾಲುಗಳಿಗೆ ಹೊಂದದ ಸಾಲನ್ನು ಬಿಸಾಡುವ ನನ್ನಂಥವನ ಕೈಗೆ ಆ ಶಾಸನಗಳ ಪಟ್ಟಿ ಕೊಟ್ಟಿದ್ದರೆ ಏನಾಗ್ತಿತ್ತು ಅಂತ ಯೋಚಿಸ್ತೀನಿ.

ಅಳಿಸೋದು ಬೇರೆ, ಗುರುತು ಹಾಕಿ ಇಡೋದು ಬೇರೆ. ಅಂಟಾರ್ಕ್ಟಿಕಾದ ಓಝೋನ್ ರಂಧ್ರದ ಕತೆ ನೀವು ಕೇಳಿರ್ತೀರಿ: ನಾಸಾದ ಕಂಪ್ಯೂಟರ್ ಕಡಿಮೆ ಬಂದ ಅಂಕಿಗಳನ್ನು ತಪ್ಪೆಂದು ಬಿಸಾಡಿತ್ತು ಅಂತ. ನಿಜ ಸ್ವಲ್ಪ ಬೇರೆ. ಬಿಸಾಡಿರಲಿಲ್ಲ, ಸಂಶಯದ ಗುರುತು ಹಾಕಿ ಇಟ್ಟಿತ್ತು. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ನೇಚರ್ ಪತ್ರಿಕೆಯಲ್ಲಿ ಮೊದಲು ವಿಷಯ ಪ್ರಕಟಿಸಿದರು. ರಂಧ್ರ ಎಷ್ಟು ಅಗಲ ಅಂತ ನಾಸಾ ತೋರಿಸೋಕಾದದ್ದು ಆ ಸಂಶಯದ ಅಂಕಿಗಳು ಉಳಿದಿದ್ದರಿಂದ.

ನಾನೂ ಹಾಗೇ ಮಾಡಿದೆ. ಸಾಲು ಅಳಿಸೋದು ಬಿಟ್ಟು ಪಕ್ಕದಲ್ಲಿ ‘ಕಾರಣ’ ಅಂತ ಒಂದು ಕಾಲಂ ಸೇರಿಸಿದೆ. ಪಾಳಿಯ ತಾಸುಗಳು ಕಾಣಿಸಿದವು. ಮ್ಯಾನೇಜರ್ ಒಪ್ಪಿ ಮೇಲೆ ಕಳಿಸಿದರು. ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಹೀರೋ.

ಮುಗೀಲಿಲ್ಲ. ಸಾಲು ಉಳಿದರೆ ಎಲ್ಲವೂ ಉಳೀತದೆ. ಒಂದು ಗಾಡಿ ವಾರಕ್ಕೊಮ್ಮೆ ಲಿಂಗಸೂಗೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋಗಿ ಮುಕ್ಕಾಲು ತಾಸು ನಿಲ್ತಿತ್ತು. ಮುಂಚೆ ಇದು ಯಾರಿಗೂ ಕಂಡಿರಲಿಲ್ಲ, ನನ್ನ 50 ಮೀಟರ್ ಅದನ್ನೂ ನುಂಗ್ತಿತ್ತು. ಈಗ ಮೀಟಿಂಗಿನಲ್ಲಿ ಮ್ಯಾಪು ದೊಡ್ಡದು ಮಾಡಿ ಒಬ್ಬರು ನಕ್ಕರು, “ಇಲ್ಲೇನಿದೆಯಪ್ಪಾ ಇವನಿಗೆ?” ಮಗಳ ಹಾಸ್ಟೆಲ್ ಇರಬಹುದು, ದವಾಖಾನೆ ಇರಬಹುದು. ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಆ ನಗು ಕೇಳಿದಾಗ ಹಳೇ ಸ್ಕ್ರಿಪ್ಟೇ ವಾಸಿ ಇತ್ತೇನೋ ಅನ್ನಿಸ್ತು.

ಕಾಕಾನಿಗೆ ಮತ್ತೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ದುಡಿದದ್ದು ಬರಿ. ಎಲ್ಲಿ ಕುಂತಿದ್ದ, ಯಾರ ಮನಿಗೆ ಹೋಗಿದ್ದ ಅನ್ನೂದು ನಿನಗ್ಯಾಕ?” ಅಂದರು.

ಹೇಳೋಕೆ ಸುಲಭ. ನಿಂತ ಹೊತ್ತು ಇಟ್ಟು ನಿಂತ ಜಾಗ ಅಳಿಸಿದರೆ, ಮಿಲ್ಲಿನ ಪಾಳಿಯೂ ಮರದ ಕೆಳಗಿನ ನಿದ್ದೆಯೂ ಒಂದೇ ಆಗಿಬಿಡ್ತದೆ. ದುಡ್ಡು ಕೊಡುವವರು ಎರಡನ್ನೂ ನಿದ್ದೆ ಅಂತಾರೆ. ಜಾಗ ಇಟ್ಟರೆ ಆ ನಗು. ದುಡಿಮೆಗೆ ಸಾಕ್ಷಿ ಹೇಳುವ ಸಾಲೇ ಮನುಷ್ಯನ ಬೆನ್ನು ಹತ್ತುವ ಸಾಲು ಕೂಡ. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಅಂತ ಕಾಯ್ದೆ ಬಂತು, ಓದಿ ನೋಡಿದೆ. ಯಾವ ಸಾಲು ಇಡಬೇಕು ಅಂತ ಅದು ನನ್ನ ಬದಲು ಕೂತು ತೀರ್ಮಾನ ಮಾಡೋದಿಲ್ಲ.

ಕೊನೆಗೆ ಸ್ಕ್ರಿಪ್ಟಿಗೆ ಒಂದು ಪಟ್ಟಿ ಸೇರಿಸೋದು ಅಂತಾಯ್ತು: ಮಿಲ್ಲಿನ ಗೇಟು, ಗೋದಾಮು, ಎಪಿಎಂಸಿ, ತೂಕದ ಕಟ್ಟೆ. ಅಲ್ಲಿ ನಿಂತರೆ ಜಾಗದ ಸಮೇತ ಉಳೀತದೆ. ಬೇರೆ ಎಲ್ಲೇ ನಿಂತರೂ ಎಷ್ಟು ಹೊತ್ತು ಅಂತ ಮಾತ್ರ. ಪಟ್ಟಿಯಲ್ಲಿ ಇಲ್ಲದ ಗೇಟಿನಲ್ಲಿ ಕಾದವನ ಪಾಳಿಗೆ ಇನ್ನೂ ಸಾಕ್ಷಿ ಇಲ್ಲ, ಅದು ನನಗೆ ಗೊತ್ತು. ಅದಕ್ಕೇ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಮ್ಯಾಪು ತೆರೆದು ಕಾಕಾನ ಪಕ್ಕ ಕೂತೆ. ಸಿಂಧನೂರಿನಿಂದ ಶುರುಮಾಡಿ ಮಸ್ಕಿ ದಾಟಿ ಲಿಂಗಸೂಗೂರಿನವರೆಗೆ ಒಂದೊಂದೇ ಗೇಟು ಬೆರಳಿಟ್ಟು ತೋರಿಸಿದರು, ನಾನು ಟೈಪ್ ಮಾಡ್ತಾ ಹೋದೆ. ಮಸ್ಕಿ ಹತ್ತಿರ ಒಂದು ಕಡೆ ಬೆರಳು ನಿಂತಿತು.

“ಇದು ಯಾವ ಮಿಲ್ಲು ಕಾಕಾ?”

“ಮಿಲ್ಲಲ್ಲ, ಚಾದ ಅಂಗಡಿ. ಇದನ್ನ ಬರೀಬ್ಯಾಡ.”