ನೀರು ಇಳಿದರೆ ಗರಿಗರಿ

ಏರ್ ಫ್ರೈಯರ್ ಈಗ ಚಿತ್ರದುರ್ಗದ ಕಡೆಯ ಮನೆಗಳಿಗೆ ಹೊಸದಲ್ಲ. ಬೆಂಗಳೂರಿನಲ್ಲಿರುವ ಮಗ ತಂದುಕೊಟ್ಟದ್ದು, ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದದ್ದು, ಡಾಕ್ಟರು ಎಣ್ಣೆ ಕಡಿಮೆ ಮಾಡಿ ಎಂದ ಮೇಲೆ ಕೊಂಡದ್ದು, ಹೀಗೆ ಒಂದಲ್ಲ ಒಂದು ದಾರಿಯಲ್ಲಿ ಹೊಳಲ್ಕೆರೆ, ಹೊಸದುರ್ಗದ ಅಡುಗೆಮನೆಗಳಲ್ಲೂ ಅದು ಮಿಕ್ಸಿಯ ಪಕ್ಕ ಬಂದು ಕೂತಿದೆ. ಮೊದಲ ವಾರ ಆಲೂಗಡ್ಡೆ ಹಾಕುತ್ತಾರೆ, ಚೆನ್ನಾಗಿ ಬರುತ್ತದೆ. ಎರಡನೆಯ ವಾರ ಬಜ್ಜಿ ಹಾಕುತ್ತಾರೆ. ಕಲಸಿದ ಹಿಟ್ಟು ಜಾಲರಿಯ ತೂತುಗಳಿಂದ ಕೆಳಗೆ ಸೋರುತ್ತದೆ, ಉಳಿದದ್ದು ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಇರುತ್ತದೆ. ಅಲ್ಲಿಗೆ ಮಷಿನ್ನು ಅಟ್ಟ ಸೇರುತ್ತದೆ.

ಅದನ್ನು ಅಟ್ಟದಿಂದ ಇಳಿಸಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅದಕ್ಕೆ ಸರಿಹೊಂದುವ ಪದಾರ್ಥ ನಮ್ಮ ಮನೆಯ ಡಬ್ಬಿಯಲ್ಲೇ ಇದೆ.

ಕಾದ ಎಣ್ಣೆಗೆ ಬಜ್ಜಿ ಬಿಟ್ಟ ಕ್ಷಣದಲ್ಲೇ ಹಿಟ್ಟು ಗಟ್ಟಿಯಾಗಿ ಪದರ ಕಟ್ಟುತ್ತದೆ. ಬಿಸಿಗಾಳಿಗೆ ಆ ವೇಗ ಇಲ್ಲ. ಏರ್ ಫ್ರೈಯರ್ ಅಂದರೆ ಮೇಲೊಂದು ಕಾಯಿಸುವ ಸುರುಳಿ, ಅದರ ಮೇಲೊಂದು ಫ್ಯಾನು, ಕೆಳಗೊಂದು ಜಾಲರಿಯ ಬುಟ್ಟಿ, ಇಷ್ಟೇ. 2010ರಲ್ಲಿ ಫಿಲಿಪ್ಸ್ ಕಂಪನಿ ಬರ್ಲಿನ್ನಿನ ಪ್ರದರ್ಶನದಲ್ಲಿ ತೋರಿಸಿದ ಮೇಲೆ ಜಗತ್ತಿನ ತುಂಬ ಹರಡಿತು. ಅದರ ಕಸುಬು ಒಂದೇ: ಬಿಸಿಗಾಳಿಯನ್ನು ರಭಸದಿಂದ ಸುತ್ತಿಸಿ ಪದಾರ್ಥದ ಮೈಮೇಲಿನ ನೀರನ್ನು ಹಾರಿಸುವುದು. ನೀರು ಹೋದ ಮೇಲೆಯೇ ಕೆಂಪಗಾಗುವುದು, ಗರಿಯಾಗುವುದು. ಹಾಗಾಗಿ ಅರ್ಧ ನೀರು ಮೊದಲೇ ಇಳಿದಿರುವ ಪದಾರ್ಥ ಕೊಟ್ಟರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ನೀರು ಇಳಿಸುವ ವಿದ್ಯೆಯಲ್ಲಿ ನಮ್ಮ ಬಯಲುಸೀಮೆಯ ಹೆಂಗಸರನ್ನು ಮೀರಿಸಿದವರಿಲ್ಲ. ಬಾಳಕದ ಮೆಣಸಿನಕಾಯಿಯನ್ನೇ ನೋಡಿ. ಖಾರ ಕಡಿಮೆ ಇರುವ ಉದ್ದನೆಯ ಹಸಿಮೆಣಸಿನಕಾಯಿ ಆರಿಸಿ, ತೊಟ್ಟು ಉಳಿಸಿಕೊಂಡು, ಹೊಟ್ಟೆಗೆ ಒಂದು ಸೀಳು ಹಾಕುತ್ತಾರೆ. ಚೆನ್ನಾಗಿ ಹುಳಿ ಬಂದ ಮಜ್ಜಿಗೆಗೆ ಕೈತುಂಬ ಉಪ್ಪು, ಮೆಂತ್ಯದ ಪುಡಿ, ಇಂಗು ಕದಡಿ ಅದರಲ್ಲಿ ರಾತ್ರಿಯಿಡೀ ಮುಳುಗಿಸುತ್ತಾರೆ. ಬೆಳಿಗ್ಗೆ ತೆಗೆದು ಮಾಳಿಗೆಯ ಮೇಲೆ ಹರವಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮರುದಿನ ಮತ್ತೆ ಬಿಸಿಲಿಗೆ. ಪಾತ್ರೆಯ ಮಜ್ಜಿಗೆಯನ್ನೆಲ್ಲ ಮೆಣಸಿನಕಾಯಿ ಕುಡಿದು ಮುಗಿಸುವ ತನಕ ಇದೇ ಓಡಾಟ. ಕೊನೆಗೆ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜ ಸದ್ದು ಮಾಡಬೇಕು, ಆಗ ಡಬ್ಬಿಗೆ ತುಂಬಬೇಕು. ಉಪ್ಪು ಕಾಯಿಯೊಳಗಿನ ನೀರನ್ನು ಹೊರಗೆಳೆಯುತ್ತದೆ, ಹುಳಿ ಅದನ್ನು ಕೆಡದಂತೆ ಕಾಯುತ್ತದೆ, ಉಳಿದದ್ದನ್ನು ಬಿಸಿಲು ಮಾಡುತ್ತದೆ. ಗೋರಿಕಾಯಿ, ಹಾಗಲಕಾಯಿ, ಬೆಂಡೆಕಾಯಿ ಬಾಳಕಗಳದ್ದೂ ಇದೇ ಕ್ರಮ. ಉಪ್ಪಿನಲ್ಲಿ ಹುಳಿ ಹಿಡಿಸಿ, ಆಮೇಲೆ ಗರಿಗರಿಯಾಗಿ ಕರಿದು ತಿನ್ನುವ ಉಪ್ಪಿನಕಾಯಿ ಇದು. ಮುದ್ದೆ ಬಸ್ಸಾರಿನ ಪಕ್ಕ, ಮೊಸರನ್ನದ ಪಕ್ಕ ಇದಿಲ್ಲದಿದ್ದರೆ ಊಟ ಅರ್ಧ ಎನ್ನುವವರು ಹಿರಿಯೂರಿನ ಕಡೆ ಇಂದಿಗೂ ಇದ್ದಾರೆ.

ಏರ್ ಫ್ರೈಯರಿನಲ್ಲಿ ಇದನ್ನು ಮಾಡುವುದು ತೀರಾ ಸುಲಭ. ಒಂದು ಟೀ ಚಮಚ ಕಡಲೆಕಾಯಿ ಎಣ್ಣೆ ಅಂಗೈಗೆ ಹಾಕಿಕೊಂಡು ಹದಿನೈದು ಇಪ್ಪತ್ತು ಬಾಳಕಕ್ಕೆ ಸವರಿ. ಚಳ್ಳಕೆರೆಯ ಗಾಣದ ಎಣ್ಣೆಯಾದರೆ ಅದೊಂದು ಚಮಚಕ್ಕೇ ಘಮ ಬರುತ್ತದೆ. ಬುಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಹರವಿ, ಹಗುರ ಪದಾರ್ಥ ಗಾಳಿಗೆ ಹಾರುವುದರಿಂದ ಮೇಲೊಂದು ಸ್ಟೀಲ್ ಜಾಲರಿ ಇಡಿ. 170 ಡಿಗ್ರಿಯಲ್ಲಿ ಮೂರು ನಾಲ್ಕು ನಿಮಿಷ ಸಾಕು. ಎರಡನೆಯ ನಿಮಿಷದಿಂದಲೇ ತೆಗೆದು ನೋಡುತ್ತಿರಬೇಕು, ಏಕೆಂದರೆ ಕಂದು ಬಣ್ಣಕ್ಕೂ ಕರಕಲಿಗೂ ನಡುವೆ ಅರೆ ನಿಮಿಷದ ಅಂತರ. ತೆಗೆದಾಗ ಸ್ವಲ್ಪ ಮೆತ್ತಗಿದ್ದರೂ ಗಾಬರಿ ಬೇಡ, ಆರಿದಂತೆ ಗರಿಯಾಗುತ್ತದೆ. ಘಾಟು ಮಾತ್ರ ಬಾಣಲೆಯಲ್ಲಿ ಏಳುವಂತೆ ಇಲ್ಲಿಯೂ ಏಳುತ್ತದೆ. ಕಿಟಕಿ ತೆರೆದಿಡಿ.

ಎಲ್ಲವೂ ಇದರಲ್ಲಿ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಅರಳು ಸಂಡಿಗೆ ಇದರಲ್ಲಿ ಅರಳುವುದಿಲ್ಲ, ಅದಕ್ಕೆ ಕಾದ ಎಣ್ಣೆಯೇ ಬೇಕು. ಹಪ್ಪಳ ಪರವಾಗಿಲ್ಲ. ಗೋರಿಕಾಯಿ ಬಾಳಕ ಮಾತ್ರ ಎಣ್ಣೆಯಲ್ಲಿ ಕರಿದದ್ದಕ್ಕಿಂತ ಚೆನ್ನಾಗಿರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಎಣ್ಣೆ ಕುಡಿಯದ ಕಾರಣ ಕಾಯಿಯದೇ ರುಚಿ ನಾಲಿಗೆಗೆ ಸಿಗುತ್ತದೆ.

ಇನ್ನು ಅಮೆರಿಕದವರ ಕತೆ. ಅಲ್ಲಿ ಅರ್ಕಾನ್ಸಾ ರಾಜ್ಯದ ಅಟ್ಕಿನ್ಸ್ ಎಂಬ ಸಣ್ಣ ಊರಿನಲ್ಲಿ ಸೌತೆಕಾಯಿ ಉಪ್ಪಿನಕಾಯಿಯ ಕಾರ್ಖಾನೆ ಇತ್ತು. ಅದರ ಎದುರು ಹೋಟೆಲು ನಡೆಸುತ್ತಿದ್ದ ಬರ್ನೆಲ್ ಆಸ್ಟಿನ್ ಎಂಬಾತ 1963ರಲ್ಲಿ ಆ ಉಪ್ಪಿನಕಾಯಿಯ ಬಿಲ್ಲೆಗಳನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಮಾರಿದ. ಅದು ಅವರ ದಕ್ಷಿಣ ರಾಜ್ಯಗಳ ತುಂಬ ಹಬ್ಬಿತು. ಈಗ ಅಲ್ಲಿನ ಮನೆಗಳಲ್ಲಿ ಅದನ್ನು ಏರ್ ಫ್ರೈಯರಿನಲ್ಲೂ ಮಾಡುತ್ತಾರೆ. ಈ ಕತೆಯನ್ನು ಇಲ್ಲಿ ತಂದದ್ದಕ್ಕೆ ಕಾರಣವಿದೆ. ಆ ಬಗೆಯ ಉಪ್ಪಿನಕಾಯಿಗೆ ಬೇಕಾದ ಮಿಡಿಸೌತೆ ಬೆಳೆಯುವವರು ನಮ್ಮವರು.

ನಮ್ಮ ದೇಶದಲ್ಲಿ ಮಿಡಿಸೌತೆಯ ಕೃಷಿ ಮತ್ತು ರಫ್ತು ಶುರುವಾದದ್ದೇ ಕರ್ನಾಟಕದಲ್ಲಿ, 1990ರ ದಶಕದ ಆರಂಭದಲ್ಲಿ. ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೆ ಹೋಯಿತು. 2020-21ರಲ್ಲಿ ಸೌತೆ, ಮಿಡಿಸೌತೆ ಸೇರಿ ಭಾರತ ಹೊರಗೆ ಕಳಿಸಿದ್ದು 2,23,515 ಮೆಟ್ರಿಕ್ ಟನ್. ಜಗತ್ತಿಗೆ ಬೇಕಾದ ಮಿಡಿಸೌತೆಯಲ್ಲಿ ಶೇ 15ರಷ್ಟು ಇಲ್ಲಿಯದು. ಸುಮಾರು 90,000 ಸಣ್ಣ ಮತ್ತು ಅತಿಸಣ್ಣ ರೈತರು 65,000 ಎಕರೆಯಲ್ಲಿ ಬೆಳೆಯುತ್ತಾರೆ ಎಂಬುದು ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕ. ತೊಂಬತ್ತು ದಿನದ ಬೆಳೆ. ಎಕರೆಗೆ ನಾಲ್ಕು ಟನ್ ಬಂದು 80,000 ರೂಪಾಯಿ ಸಿಕ್ಕರೆ, ಖರ್ಚು ಕಳೆದು ಕೈಗೆ ಉಳಿಯುವುದು 40,000 ಎಂದೂ ಅದೇ ಲೆಕ್ಕ ಹೇಳುತ್ತದೆ. ರಫ್ತು ಮಾಡುವ ಕಂಪನಿ ಬೀಜ, ಗೊಬ್ಬರ, ಔಷಧಿ ಸಾಲಕ್ಕೆ ಕೊಟ್ಟು, ಕಾಯಿ ಕೊಂಡು, ಬಿಲ್ಲಿನಲ್ಲಿ ಸಾಲ ಮುರಿದುಕೊಳ್ಳುತ್ತದೆ. ಕಾಯಿ ಉಪ್ಪುನೀರು, ವಿನೆಗರಿನ ಡ್ರಮ್ಮುಗಳಲ್ಲಿ ಕೂತು ಹಡಗು ಹತ್ತುತ್ತದೆ.

ಈ ಬೆಳೆಯ ಕಷ್ಟವೆಲ್ಲ ಅಳತೆಯಲ್ಲಿದೆ. ಕಿಲೋಗೆ ಎಷ್ಟು ಕಾಯಿ ಎಂಬುದರ ಮೇಲೆ ದರ. ಸಣ್ಣದಕ್ಕೆ ಹೆಚ್ಚು, ದಪ್ಪದಕ್ಕೆ ಕಡಿಮೆ. ಮಿಡಿಸೌತೆ ರಾತ್ರಿ ಬೆಳಗಾಗುವುದರಲ್ಲಿ ಬಲಿಯುವುದರಿಂದ ದಿನವೂ ಕೀಳಬೇಕು, ಹಬ್ಬ ಅನ್ನುವಂತಿಲ್ಲ, ಜ್ವರ ಅನ್ನುವಂತಿಲ್ಲ. ಬಳ್ಳಿಯ ಎಲೆಯಡಿ ಕಣ್ಣಿಗೆ ಬೀಳದೆ ಉಳಿದ ಕಾಯಿ ಮರುದಿನಕ್ಕೆ ಅಳತೆ ಮೀರಿರುತ್ತದೆ. ಕಂಪನಿ ಅದನ್ನು ಮುಟ್ಟುವುದಿಲ್ಲ. ಅದು ಹೋಗುವುದು ದನದ ಮುಂದಕ್ಕೆ.

ಚಿತ್ರದುರ್ಗ ಜಿಲ್ಲೆಯಲ್ಲಿ ಮಳೆ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 89 ವರ್ಷದ ಮೇಲೆ, 2022ರಲ್ಲಿ. ಇಂಥ ನೆಲದಲ್ಲಿ ಕೊಳವೆಬಾವಿಯ ನೀರಿಗೆ ಹನಿ ಲೆಕ್ಕ. ಸೌತೆಕಾಯಿಯಲ್ಲಿ ನೂರಕ್ಕೆ 95 ಪಾಲು ಇರುವುದು ನೀರೇ. ಅಂದ ಮೇಲೆ ದನದ ಮುಂದೆ ಬೀಳುವ ಪ್ರತಿ ಬುಟ್ಟಿ ಸೌತೆಯೂ ಸಾವಿರ ಅಡಿ ಕೆಳಗಿಂದ ಎತ್ತಿದ ನೀರು. ಆ ಕಾಯಿ ನಮ್ಮ ತಟ್ಟೆಗೆ ಬರಲಿ ಎಂಬುದು ನನ್ನ ಆಸೆ. ಸೌತೆಯ ತವರು ಹಿಮಾಲಯದ ತಪ್ಪಲು. ನಮ್ಮದೇ ಕಾಯಿ, ನಮ್ಮದೇ ನೀರು, ರುಚಿ ಮಾತ್ರ ಯಾರೋ ನೋಡುವುದು ಸರಿಯಲ್ಲ.

ಅಮೆರಿಕದವರ ಆ ತಿಂಡಿಯನ್ನು ಮಾಡುವ ಬಗೆ ಹೇಳುತ್ತೇನೆ. ಮಿಡಿಸೌತೆ ಸಿಗದವರು ಎಳೆಯ ಸಾಂಬಾರು ಸೌತೆಗೆ ಕೈಹಾಕಬೇಡಿ, ಹಸಿಯಾಗಿ ತಿನ್ನುವ ಎಳೆಸೌತೆಯೇ ಆಗಬೇಕು. ಕಾಲಿಂಚು ದಪ್ಪದ ಬಿಲ್ಲೆಗಳಾಗಿ ಹೆಚ್ಚಿ ಗಾಜಿನ ಬಾಟಲಿಗೆ ತುಂಬಿ. ಒಂದು ಲೋಟ ವಿನೆಗರ್, ಒಂದು ಲೋಟ ನೀರು, ಒಂದು ಚಮಚ ಉಪ್ಪು, ನಾಲ್ಕು ಎಸಳು ಬೆಳ್ಳುಳ್ಳಿ, ಸ್ವಲ್ಪ ಮೆಣಸು, ಸಾಸಿವೆ ಕುದಿಸಿ ಮೇಲೆ ಸುರಿಯಿರಿ. ಒಂದು ಹಿಡಿ ಸಬ್ಬಸಿಗೆ ಸೊಪ್ಪು ಹಾಕುವುದನ್ನು ಮರೆಯಬೇಡಿ. ಅಮೆರಿಕದವರ ಉಪ್ಪಿನಕಾಯಿಗೆ ಆ ಪರಿಮಳ ಬರುವುದು ಇದೇ ಸೊಪ್ಪಿನಿಂದ. ನಮ್ಮ ಸಂತೆಯಲ್ಲಿ ಅದು ಕಟ್ಟುಗಟ್ಟಲೆ ಸಿಗುತ್ತದೆ. ಆರಿದ ಮೇಲೆ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನಕ್ಕೆ ಹುಳಿ ಹಿಡಿಯುತ್ತದೆ.

ಕರಿಯುವ ದಿನ ಬಿಲ್ಲೆಗಳನ್ನು ತೆಗೆದು ಹತ್ತಿಬಟ್ಟೆಯ ಮೇಲೆ ಹರವಿ, ಮೇಲೊಂದು ಬಟ್ಟೆ ಹಾಕಿ ಒತ್ತಿ. ಇನ್ನೊಮ್ಮೆ ಒತ್ತಿ. ಈ ಹಂತದಲ್ಲಿ ಅವಸರ ಮಾಡಿದವರಿಗೆ ಗರಿ ಸಿಗುವುದಿಲ್ಲ. ಆಮೇಲೆ ಅಕ್ಕಿಹಿಟ್ಟಿನಲ್ಲಿ ಹೊರಳಿಸಿ, ಗಟ್ಟಿ ಮೊಸರಿನಲ್ಲಿ ಅದ್ದಿ, ಅಚ್ಚಖಾರದ ಪುಡಿ ಬೆರೆಸಿದ ಚಿರೋಟಿ ರವೆಯನ್ನು ಎರಡೂ ಮಗ್ಗುಲಿಗೆ ಒತ್ತಿ ಹಚ್ಚಿ. ಉಪ್ಪು ಮತ್ತೆ ಹಾಕುವುದು ಬೇಡ. ಮೇಲೆ ಎಣ್ಣೆ ಸವರಿ, ಮೊದಲೇ ಕಾಯಿಸಿಟ್ಟ ಬುಟ್ಟಿಯಲ್ಲಿ 200 ಡಿಗ್ರಿಗೆ ಹತ್ತು ನಿಮಿಷ ಇಡಿ, ನಡುವೆ ಒಮ್ಮೆ ಮಗುಚಿ. ಬಿಸಿಯಿರುವಾಗಲೇ ತಿನ್ನಬೇಕು. ಒಳಗೆ ಉಳಿದ ನೀರು ಹೊರಪದರಕ್ಕೆ ಬಂದು ಸ್ವಲ್ಪ ಹೊತ್ತಿನಲ್ಲೇ ಮೆತ್ತಗಾಗುತ್ತದೆ. ಈ ವಿಷಯದಲ್ಲಿ ಅಮೆರಿಕದ ತಿಂಡಿ ನಮ್ಮ ಬಾಳಕದ ಹತ್ತಿರಕ್ಕೂ ಬರುವುದಿಲ್ಲ. ಬಾಳಕ ಕರಿದು ಡಬ್ಬಿಗೆ ಹಾಕಿಟ್ಟರೆ ವಾರ ಕಳೆದರೂ ಗರಿಯಾಗಿರುತ್ತದೆ.

ಅಳತೆ ಮೀರಿದ ಮಿಡಿಸೌತೆಯನ್ನೂ ತೆಳ್ಳಗೆ ಹೆಚ್ಚಿ, ಉಪ್ಪುಮಜ್ಜಿಗೆಯಲ್ಲಿ ನೆನೆಸಿ, ನಮ್ಮ ಏಪ್ರಿಲ್ ಬಿಸಿಲಿಗೆ ಹಾಕಿದರೆ ಬಾಳಕವಾಗುತ್ತದೆ. ಬೀಜ ಬಲಿತಿದ್ದರೆ ತಿರುಳು ತೆಗೆದು ಹೆಚ್ಚಬೇಕು. ಹೊಸದುರ್ಗ, ಹಿರಿಯೂರಿನ ಸ್ತ್ರೀಶಕ್ತಿ ಸಂಘಗಳು ಈ ಕೆಲಸಕ್ಕೆ ಕೈಹಾಕಿದರೆ ಬೆಳೆಗಾರರಿಗೂ ನಾಲ್ಕು ಕಾಸು ಸಿಗುತ್ತದೆ. ಕಿರು ಆಹಾರ ಉದ್ದಿಮೆಗಳಿಗಾಗಿ 2020ರಲ್ಲಿ ಕೇಂದ್ರ ಸರ್ಕಾರ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಘಟಕದ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ತನಕ ಸಹಾಯಧನ ಇದೆ. ಸ್ವಸಹಾಯ ಸಂಘದ ಸದಸ್ಯೆಗೆ 40,000 ರೂಪಾಯಿ ಮೂಲ ಬಂಡವಾಳವೂ ಇದೆ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಒಂದು ಎಚ್ಚರಿಕೆ ಹೇಳಲೇಬೇಕು. ಏರ್ ಫ್ರೈಯರ್ ಎಣ್ಣೆ ಕಡಿಮೆ ಮಾಡುತ್ತದೆ, ಉಪ್ಪನ್ನಲ್ಲ. ದೊಡ್ಡವರಿಗೆ ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಟೀ ಚಮಚದಷ್ಟು, ಸಾರು ಪಲ್ಯದ್ದೂ ಸೇರಿ. ಎಣ್ಣೆಯಿಲ್ಲ ಎಂಬ ಧೈರ್ಯದಲ್ಲಿ ತಟ್ಟೆಗಟ್ಟಲೆ ತಿಂದರೆ ಬಿಪಿ ಇರುವವರಿಗೆ ಕಷ್ಟ. ಊಟಕ್ಕೆ ಎರಡು ಬಾಳಕ ಸಾಕು.

ಮನೆಯಲ್ಲಿ ಒಣಗಿಸಲು ಮಾಳಿಗೆಯಿಲ್ಲದವರು ಸಂತೆಯಲ್ಲಿ ಬಾಳಕ ಮಾರುವ ಅಕ್ಕಂದಿರನ್ನು ಹುಡುಕಿ ಅವರಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ. ಪರಿಚಯದ ರೈತರ ಹೊಲದಲ್ಲಿ ಮಿಡಿಸೌತೆ ಹಾಕಿದ್ದರೆ, ಕಂಪನಿ ಬಿಟ್ಟ ಕಾಯಿಯನ್ನು ದುಡ್ಡು ಕೊಟ್ಟು ತನ್ನಿ.