ಕಡೆಗೆ ಬಂದವನು

ಕಚ್ಚಾತೈಲದ ಬೆಲೆ ಇಳಿಯಿತೆಂದು ಪತ್ರಿಕೆಯಲ್ಲಿ ಓದಿದರೆ ನಾವೆಲ್ಲ ಹಿಗ್ಗುತ್ತೇವೆ. ಅದೇ ಕಾರಣಕ್ಕೆ ನಮ್ಮ ನೆರೆಯಲ್ಲೇ ಯಾರದೋ ಒಲೆ ಆರೀತೆಂದು ನಮಗೆ ತೋಚುವುದಿಲ್ಲ. 2014ರ ಜೂನ್‌ನಲ್ಲಿ ಬ್ಯಾರೆಲ್ಲಿಗೆ 110 ಡಾಲರ್ ದಾಟಿದ್ದ ಬೆಲೆ 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗೆ ಬಿತ್ತು. ತೈಲ ಕಂಪನಿಗಳು ಹೊಸ ಬಾವಿಗಳನ್ನು ಮುಂದೂಡಿದವು. ಅವುಗಳಿಗೆ ಸೇವೆ ಒದಗಿಸುವ ಶ್ಲಂಬರ್ಜೆ ಸಂಸ್ಥೆ 2015ರ ಜನವರಿಯಲ್ಲಿಯೇ 9,000 ಹುದ್ದೆಗಳ ಕಡಿತವನ್ನು ಪ್ರಕಟಿಸಿತು. ಅದು ಪತ್ರಿಕೆಗೆ ಬಂದ ಲೆಕ್ಕ. ವಾಲ್ವು, ಫ್ಲೇಂಜು, ಪಂಪಿನ ಬಿಡಿಭಾಗಗಳನ್ನು ಮಾಡಿಕೊಡುವ ಸಣ್ಣ ಶೆಡ್ಡುಗಳ ಲೆಕ್ಕವನ್ನು ಯಾರು ಬರೆದಾರು?

ರಾಜಾಜಿನಗರದ ಕೈಗಾರಿಕಾ ವಸಾಹತಿನಿಂದ ಪೀಣ್ಯದವರೆಗೆ, ಇತ್ತ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಗಳ ಓಣಿಗಳಲ್ಲಿ, ಮೂರು ನಾಲ್ಕು ಲೇತುಗಳ ಇಂಥ ಶೆಡ್ಡುಗಳು ಜಾಬ್‌ವರ್ಕನ್ನೇ ನಂಬಿವೆ. ಆರ್ಡರ್ ನಿಂತರೆ ಲೇತು ನಿಲ್ಲುತ್ತದೆ. ಬ್ಯಾಂಕಿನ ಕಂತು ನಿಲ್ಲುವುದಿಲ್ಲ.

ಆ ದಿನಗಳಲ್ಲಿ ಅಂಥ ಶೆಡ್ಡಿನ ಮಾಲೀಕರೊಬ್ಬರು ಭಾನುವಾರದ ಬಲಿಪೂಜೆಯ ನಂತರ ನನ್ನನ್ನು ಕಂಡರು. ಇಬ್ಬರು ಟರ್ನರುಗಳಲ್ಲಿ ಒಬ್ಬನನ್ನು ಕಳುಹಿಸಲೇಬೇಕಾಗಿತ್ತು. ಹದಿನೆಂಟು ವರ್ಷ ದುಡಿದವನನ್ನು ಉಳಿಸಿಕೊಂಡು, ನಾಲ್ಕು ತಿಂಗಳ ಹಿಂದೆ ಯಾದಗಿರಿ ಕಡೆಯಿಂದ ಬಂದು ಸೇರಿದ್ದ ಹುಡುಗನನ್ನು ಬಿಡಿಸಿದ್ದರು. "ಫಾದರ್, ನಾನು ಮಾಡಿದ್ದು ಪಾಪವೇ?" ಎಂದರು. "ಅಲ್ಲ" ಎಂದೆ. ಆ ಉತ್ತರ ತೀರ ಬೇಗ ಬಂತೇನೋ ಎಂದು ಈಗ ಅನ್ನಿಸುತ್ತದೆ.

ಕಾನೂನು ಅವರ ಪಕ್ಷದಲ್ಲಿಯೇ ಇತ್ತು. ಒಂದೇ ವರ್ಗದ ಕೆಲಸಗಾರರಲ್ಲಿ ಕಡೆಗೆ ಸೇರಿದವನು ಮೊದಲು ಹೋಗಬೇಕೆಂಬುದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಸಾಮಾನ್ಯ ನಿಯಮವಾಗಿತ್ತು. ಮಾಲೀಕನ ಮರ್ಜಿಯಿಂದ ಹಳಬನನ್ನು ಕಾಯಲು ಹುಟ್ಟಿದ ನಿಯಮವದು, ನಾನದನ್ನು ಹಳಿಯಲಾರೆ. ಆದರೆ ಸೇವೆಯ ವರ್ಷವೊಂದಕ್ಕೆ 15 ದಿನಗಳ ವೇತನದಂತೆ ಅದು ಗೊತ್ತುಪಡಿಸಿದ್ದ ಪರಿಹಾರ ಕನಿಷ್ಠ ಒಂದು ವರ್ಷ ದುಡಿದವರಿಗೆ ಮಾತ್ರ. ಹುಡುಗನಿಗೆ ಸಿಕ್ಕಿದ್ದು ಆ ತಿಂಗಳ ಸಂಬಳ ಮತ್ತು ಊರಿಗೆ ಹೋಗಲು ಬಸ್ಸಿನ ಖರ್ಚು.

ಸಂತ ಮತ್ತಾಯನ ಶುಭಸಂದೇಶದ 20ನೆಯ ಅಧ್ಯಾಯದಲ್ಲಿರುವ ದ್ರಾಕ್ಷಿತೋಟದ ಸಾಮತಿಯಲ್ಲಿ ಈ ಸರದಿ ತಲೆಕೆಳಗಾಗಿದೆ. ಕಡೆಗೆ ಬಂದವನ ಕೈಗೆ ಮೊದಲು ಕೂಲಿ ಬೀಳುತ್ತದೆ, ಅದೂ ಪೂರ್ಣ ದಿನದ್ದು. ಇದನ್ನು ದೇವರ ಔದಾರ್ಯಕ್ಕೆ ದೃಷ್ಟಾಂತವಾಗಿ ಬೋಧಿಸುತ್ತೇವೆ, ಸರಿಯೇ. ಆದರೆ ಆ ಯಜಮಾನ ಸಂಜೆ ಐದರ ಹೊತ್ತಿನಲ್ಲೂ ಪೇಟೆಗೆ ಹೋಗಿ, ಕೆಲಸವಿಲ್ಲದೆ ನಿಂತವರನ್ನು ಏಕೆ ನಿಂತಿದ್ದೀರೆಂದು ವಿಚಾರಿಸಿದನೆಂಬುದರ ಮೇಲೆ ನಾವು ತಂಗುವುದಿಲ್ಲ. ನಾನಂತೂ ವರ್ಷಗಟ್ಟಲೆ ಅದನ್ನು ದಾಟಿಕೊಂಡೇ ಹೋಗಿದ್ದೇನೆ.

ಹಾಗೆಂದು ಸಾಲದಲ್ಲಿದ್ದ ಆ ಮಾಲೀಕರ ಮೇಲೆಯೇ ಎಲ್ಲ ಹೊರೆ ಹೊರಿಸುವುದೂ ಅನ್ಯಾಯ. ಜಗದ್ಗುರು ಎರಡನೆಯ ಜಾನ್ ಪಾಲ್ 1981ರ 'ಲಬೋರೆಮ್ ಎಕ್ಸರ್ಚೆನ್ಸ್' ವಿಶ್ವಪರಿಪತ್ರದಲ್ಲಿ 'ಪರೋಕ್ಷ ಮಾಲೀಕ'ನ ವಿಚಾರವನ್ನು ಎತ್ತಿದ್ದಾರೆ. ಕೆಲಸ ಕೊಟ್ಟವನಲ್ಲದೆ, ಅವನ ಕೈ ಕಟ್ಟಿಹಾಕುವ ಸರ್ಕಾರ, ದೊಡ್ಡ ಸಂಸ್ಥೆಗಳು, ವ್ಯಾಪಾರದ ಕಟ್ಟಳೆಗಳೂ ದುಡಿಯುವವನಿಗೆ ಬಾಧ್ಯವೆಂಬುದು ಅದರ ತಾತ್ಪರ್ಯ. ಮಾತು ನಿಜ. ಆದರೆ ಹೊಣೆ ಇಷ್ಟು ಮಂದಿಗೆ ಹಂಚಿಹೋದಾಗ ಪ್ರತಿಯೊಬ್ಬನೂ ಕೈತೊಳೆದುಕೊಳ್ಳಬಲ್ಲ. ಕಂಪನಿ ಮಾರುಕಟ್ಟೆಯನ್ನು ತೋರಿಸುತ್ತದೆ, ಮಾಲೀಕ ಕಂಪನಿಯನ್ನು ತೋರಿಸುತ್ತಾನೆ, ಗುರು ಪಾಪವಲ್ಲವೆನ್ನುತ್ತಾನೆ.

ಅಂದು ಅವರನ್ನು ಒಂದು ಮಾತು ಕೇಳಬಹುದಾಗಿತ್ತು: ಆ ಹುಡುಗ ಈಗ ಎಲ್ಲಿದ್ದಾನೆ? ನಾನು ಕೇಳಲಿಲ್ಲ. ಎರಡು ವರ್ಷಗಳ ಮೇಲೆ ಆರ್ಡರುಗಳು ಮರಳಿದಾಗ ಅವರಾಗಿಯೇ ಅವನಿಗೆ ಫೋನ್ ಮಾಡಿದರಂತೆ. ಆ ಸಂಖ್ಯೆ ಚಾಲ್ತಿಯಲ್ಲಿರಲಿಲ್ಲ.