ನಾವು ಬಿಟ್ಟದ್ದು ತಮಟೆಯನ್ನೋ, ಬಿಟ್ಟಿ ಚಾಕರಿಯನ್ನೋ?



ಹಾಡು, ವಾದ್ಯಗಳು ಶೀಲಕ್ಕೆ ವಿರುದ್ಧವೇ ಎಂದು ಬಳಗದಲ್ಲಿ ಆಗಾಗ ಕೇಳುತ್ತಾರೆ. ಅವುಗಳಿಂದ ದೂರವಿರುವ ಮಾತು ಬರುವುದು ಉಪೋಸಥದ ದಿನ ಪಾಲಿಸುವ ಅಷ್ಟಶೀಲದಲ್ಲಿ. ನಾವು ದಿನವೂ ಪಾಲಿಸುವ ಪಂಚಶೀಲದಲ್ಲಿ ಅದಿಲ್ಲ. ಬಾಬಾಸಾಹೇಬರೇ ಇಳಿವಯಸ್ಸಿನಲ್ಲಿ ಪಿಟೀಲು ಕಲಿಯಲು ಕೂತವರು.

ಆದರೆ ಕಳೆದ ವಾರ ಒಬ್ಬ ತಂದೆ ಕೇಳಿದ್ದು ಇಷ್ಟು ಸುಲಭದ ಪ್ರಶ್ನೆಯಲ್ಲ. ಪಿಯುಸಿ ಓದುವ ಮಗ ಗೆಳೆಯರ ಜೊತೆ ತಮಟೆ ಕಲಿಯುತ್ತಿದ್ದಾನೆ, ಅದರ ಹುಚ್ಚು ಹಿಡಿದಿದೆ. "ನಮ್ಮಪ್ಪ ಊರಿನ ಸಾವಿಗೆಲ್ಲ ತಮಟೆ ಬಡಿದು ಸವೆದರು. ಅದನ್ನು ಬಿಸಾಕಿ ಪಟ್ಟಣಕ್ಕೆ ಬಂದೆವು, ದೀಕ್ಷೆ ತಗೊಂಡೆವು. ಈಗ ಮಗನೇ ಅದನ್ನು ಮನೆಗೆ ತಂದರೆ ಏನು ಮಾಡೋದು, ಮೇಷ್ಟ್ರೇ?"

ಸೋಣ ಭಿಕ್ಷುವಿನ ಕಥೆ ನಮಗೆಲ್ಲ ಗೊತ್ತು. ಅಂಗಾಲು ಒಡೆದು ರಕ್ತ ಸುರಿಯುವವರೆಗೂ ಚಂಕ್ರಮಣ ಮಾಡಿ, ಸೋತು ಮನೆಗೆ ಮರಳಲು ಯೋಚಿಸಿದವನಿಗೆ ಬುದ್ಧರು ವೀಣೆಯ ತಂತಿಯ ಬಿಗಿ, ಸಡಿಲಗಳನ್ನು ನೆನಪಿಸಿದರು. ಸೋಣ ಗೃಹಸ್ಥನಾಗಿದ್ದಾಗ ವೀಣೆ ಬಲ್ಲವನು. ಆ ವಿದ್ಯೆಯನ್ನು ಮರೆತುಬಿಡು ಎನ್ನದೆ ಅದರಿಂದಲೇ ದಾರಿ ತೋರಿದರು ಎಂಬುದನ್ನು ಗಮನಿಸಬೇಕು.

ಆದರೂ ವೀಣೆ ಹಿಡಿದವನನ್ನು ಯಾರೂ ದೂರ ನಿಲ್ಲಿಸಲಿಲ್ಲ. ಆ ತಂದೆಯ ನೋವು ಇರುವುದು ಅಲ್ಲಿ. ಅವರ ಅಪ್ಪನ ಪಾಲಿಗೆ ತಮಟೆ ಎಂದರೆ ಅಪ್ಪಣೆ. ಕರೆದಾಗ ಹೋಗಬೇಕು, ದೂರ ನಿಂತು ಬಡಿಯಬೇಕು, ಕೊಟ್ಟಷ್ಟು ತೆಗೆದುಕೊಳ್ಳಬೇಕು, ಒಲ್ಲೆ ಎನ್ನುವ ಹಾಗಿಲ್ಲ. 1928ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನದ ವಿಚಾರವಾಗಿ ಮಸೂದೆ ತಂದದ್ದು ಹೀಗೆ ಹುಟ್ಟಿನಿಂದಲೇ ಬೆನ್ನಿಗೆ ಬೀಳುವ ಚಾಕರಿಯ ವಿರುದ್ಧ. ನಮ್ಮ ಹಿರಿಯರು ಬಿಡಲು ಹೊರಟದ್ದು ಆ ಒತ್ತಾಯವನ್ನು. ಮುಂದೆ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಅದೇ ತಮಟೆ ಹೋರಾಟದ ಹಾಡಿಗೆ ಜೊತೆಯಾಯಿತು. 2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂತು.

ಪ್ರಶಸ್ತಿ ಬಂದ ಮಾತ್ರಕ್ಕೆ ಊರಿನ ಕಣ್ಣು ಬದಲಾಗುವುದಿಲ್ಲ. ಹಾಗಾಗಿ ಆ ಹುಡುಗನಿಗೆ ನನ್ನ ಪ್ರಶ್ನೆಗಳು ಮೂರು. ತಂಡದ ಬೇರೆ ಜಾತಿಯ ಗೆಳೆಯರೂ ತಮಟೆಯನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆಯೇ? ಬಾರಿಸಲು ಹೋದ ಕಡೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತೀರಾ? ಸಾವಿಗೋ ದೇವರ ಉತ್ಸವಕ್ಕೋ ಕರೆದಾಗ, ಬರುವುದಿಲ್ಲ ಎಂದು ಹೇಳಲು ನಿನಗೆ ಆಗುತ್ತದೆಯೇ? ಮೂರಕ್ಕೂ ಹೌದು ಎಂದರೆ ಅದು ಅವನ ವಿದ್ಯೆ. ಒಂದಕ್ಕೆ ಇಲ್ಲ ಎಂದರೂ ತಾತನ ಬಿಟ್ಟಿ ಚಾಕರಿಯೇ ಹೊಸ ಅಂಗಿ ತೊಟ್ಟು ಬಂದಿದೆ ಎಂದು ತಿಳಿಯಬೇಕು.

ತಂದೆಗೂ ಒಂದು ಮಾತು. ಮುಟ್ಟಬೇಡ ಎನ್ನುವ ಮೊದಲು ತಾತನ ಕಥೆಯನ್ನು ಪೂರ್ತಿ ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ಮಗನಿಗೆ ತಾಳ ಮಾತ್ರ ಸಿಗುತ್ತದೆ. ಕೇಳಿಸಿಕೊಂಡರೆ ಆ ಮೂರು ಪ್ರಶ್ನೆಗಳನ್ನು ಅವನೇ ಕೇಳಿಕೊಳ್ಳುತ್ತಾನೆ.

ಬಾರಿಸುವ ಮುನ್ನ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಕಾವು ಸಾಲದಿದ್ದರೆ ನಾದ ಏಳದು, ಮಿತಿಮೀರಿದರೆ ಚರ್ಮ ಹಾಳು. ಮಗನ ಹುಚ್ಚಿಗೂ ಮನೆಯವರ ಕೋಪಕ್ಕೂ ಅದೇ ಅಳತೆ.

ಭಾನುವಾರ ವಂದನೆಯ ನಂತರ ಇದನ್ನೇ ಚರ್ಚಿಸೋಣ. ವಾದ್ಯ ಕಲಿಯುತ್ತಿರುವ ಮಕ್ಕಳೂ ಬರಲಿ. ವಾದ್ಯ ತರುವುದು, ಬಿಡುವುದು ಅವರಿಷ್ಟ.

ಎಲ್ಲರಿಗೂ ಮಂಗಳವಾಗಲಿ. ಜೈಭೀಮ್.